ಟೇಪು ತಿರುಗುತ್ತಿದ್ದಾಗ

೨ ಫೆಬ್ರುವರಿ ೨೦೦೪, ಸೋಮವಾರ

ಹಾವೇರಿಯಿಂದ ಬ್ಯಾಡಗಿಗೆ ಎಂಟರ ಬಸ್ಸು. ಸೀಟಿಲ್ಲ. ಟೇಪ್ ರೆಕಾರ್ಡರ್ ಎದೆಗವಚಿಕೊಂಡು ನಿಂತೇ ಬಂದೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಮಾತು ಹಿಡಿಯಲು ಇದು ಆರನೇ ಸಲ. ಮಷಿನ್ ಕಂಡದ್ದೇ ತಡ, ಮೆಣಸಿನಕಾಯಿ ಅಂಗಡಿಯ ಅಂಗಳದ ಹಿರಿಯಳು ಪ್ರೇಮವ್ವ ಸೆರಗು ಸರಿಮಾಡಿಕೊಂಡು, "ನಮಸ್ಕಾರ. ನಾವು ಮೆಣಸಿನಕಾಯಿಯ ತೊಟ್ಟನ್ನು ಬಿಡಿಸುತ್ತೇವೆ" ಅಂದಳು. ಥೇಟ್ ರೇಡಿಯೋ! ಉಳಿದವರೂ ಅವಳ ಹಿಂದೆಯೇ.

"ಅವ್ವಾ, ದಿನಾ ಹೆಂಗ ಮಾತಾಡ್ತೀರಿ, ಹಂಗ ಮಾತಾಡ್ರಿ."

"ಮಷಿನ್ ಮುಂದ ಹಂಗ ಮಾತಾಡಿದ್ರ ಚಂದ ಕಾಣೂದಿಲ್ರಿ, ಮೇಡಂ."

ನಗಬೇಕೋ ಅಳಬೇಕೋ.

೩ ಫೆಬ್ರುವರಿ

ಧಾರವಾಡ. ನನ್ನ ಪಿಎಚ್‌ಡಿ ಗೈಡ್ ಸಿದ್ದಲಿಂಗೇಶ ಸರ್ ಟೇಪು ಕೇಳಿ ಕಣ್ಣು ಮುಚ್ಚಿಕೊಂಡರು. "ಸುರೇಖಾ, ಇದು ಭಾಷಣ ಆತು. ಮಂದಿ ಮಾತು ಎಲ್ಲೈತಿ?"

ಖರೇ. ಫಂಕ್ಷನಲ್ ಗ್ರಾಮರ್ ಕೇಳುವುದೇ ಇಷ್ಟು — ವಾಕ್ಯ ಈ ಆಕಾರದಲ್ಲೇ ಯಾಕೆ ಬಂತು? ಯಾರು, ಯಾರಿಗೆ, ಏನಾಗಲಿ ಎಂದು ಆಡಿದರು? "ನೀರು ತಾ" ಅಂದರೂ "ನೀರೈತೇನ್ರಿ" ಅಂದರೂ ಬಾಯಾರಿಕೆ ಒಂದೇ. ಸಂಬಂಧ ಬೇರೆ. ಸಿಂಗಾರ ಮಾಡಿಕೊಂಡ ಮಾತಿನಲ್ಲಿ ಅದೆಲ್ಲಿ ಸಿಗಬೇಕು?

ಹದಿನೈದನೇ ತಾರೀಕಿನೊಳಗೆ ನಿಜವಾದ ಮಾತು ತರದಿದ್ದರೆ ವಿಷಯವನ್ನೇ ಬದಲಿಸಬೇಕಂತೆ. ಎರಡು ವರ್ಷದ ಓದು ನೀರುಪಾಲು.

೧೨ ಫೆಬ್ರುವರಿ, ಬ್ಯಾಡಗಿ, ಸಂಜೆ ೫

ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ!

ಕೇಳುವುದನ್ನೇ ಬಿಟ್ಟೆ. ಟೇಪ್ ಚಾಲೂ ಮಾಡಿ ಪಕ್ಕಕ್ಕಿಟ್ಟು, ಬೇಸರಕ್ಕೆ ನಾನೂ ರಾಶಿಗೆ ಕುಳಿತು ತೊಟ್ಟು ಮುರಿಯತೊಡಗಿದೆ. ಅವರೆಲ್ಲ ಕೈಗೆ ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ, ನನಗದು ಗೊತ್ತಿರಲಿಲ್ಲ. ಬೆರಳೆಲ್ಲ ಉರಿ. ಬೆವರಿತೆಂದು ಕಣ್ಣೊರೆಸಿಕೊಂಡೆ... ಅಯ್ಯೋ ಶಿವನೇ!

"ಏ ಹುಚ್ಚಿ, ಕೈ ತಗಿ! ತೀಡಬ್ಯಾಡ!" — ಪ್ರೇಮವ್ವ.

ಆಮೇಲೆ ಪಕ್ಕದವಳಿಗೆ, "ಹೊನ್ನವ್ವಾ, ಲಗೂ ಹಾಲು ತಾ!"

ಅದೇ ಬಾಯಿ ಅಂಗಡಿ ಮಾಲೀಕ ಚಮನಸಾಬರತ್ತ ತಿರುಗಿ, "ಸಾವ್ಕಾರ್ರ, ಚಾಕ್ಕ ತಂದ ಹಾಲು ಒಂಚೂರು ಇದ್ರ ನೋಡ್ರಿ..."

ಹಾಲಲ್ಲಿ ಅದ್ದಿದ ಸೆರಗು ನನ್ನ ಕಣ್ಣಿಗೊತ್ತುತ್ತ ಬೈಗುಳ: "ಎಣ್ಣಿ ಹಚ್ಚಿಕೊಳ್ದ ಕುಂತೀಯಲ್ಲ, ಎಂಥಾ ಓದು ನಿಂದು?"

ಟೇಪು ತಿರುಗುತ್ತಲೇ ಇತ್ತು. ನಲವತ್ತು ನಿಮಿಷ! ಅಲ್ಲೇ ಹಾಕಿ ಕೇಳಿಸಿದೆ. ತಮ್ಮ ದನಿ ಕೇಳಿ ಬಿದ್ದು ಬಿದ್ದು ನಕ್ಕರು. ಸರ್‌ಗೆ ಕೊಡಲಾ ಅಂದೆ. "ಕೊಡು, ಕೊಡು. ಅವರೂ ನಗಲಿ."

ಕಣ್ಣು ಇನ್ನೂ ಕೆಂಪು. ಖುಷಿಯೋ ಖುಷಿ.

೧೪ ಫೆಬ್ರುವರಿ

ಸರ್ ಎರಡು ಸಲ ಕೇಳಿದರು. "ಇದ ನೋಡು ಬೇಕಾಗಿದ್ದು!" ವಿಷಯ ಉಳಿಯಿತು. ಹಾವೇರಿ ಸ್ಟೇಷನ್ನಿನಿಂದ ಮನೆಗೆ ನಡೆದೇ ಬಂದೆ. ಆಟೋದಲ್ಲಿ ಕೂರುವಷ್ಟು ತಾಳ್ಮೆ ಇರಲಿಲ್ಲ.

೧೬ ಫೆಬ್ರುವರಿ, ಬ್ಯಾಡಗಿ, ಮಧ್ಯಾಹ್ನ

ಊಟದ ಬಿಡುವು. ಟೇಪಿನ ಪ್ರತಿ ವಾಕ್ಯಕ್ಕೂ ಫಾರ್ಮ್ ತುಂಬುತ್ತಿದ್ದೇನೆ. "ಕೈ ತಗಿ" — ಆಡಿದವರು: ಪ್ರೇಮವ್ವ. ಕೇಳಿದವರು: ನಾನು. ಸಂಬಂಧ?

"ಸಂಶೋಧಕಿ" ಎಂದು ಬರೆದೆ. ಹೊಡೆದುಹಾಕಿದೆ. ಎರಡು ತಿಂಗಳು "ಮೇಡಂ, ಬರ್ರಿ, ಕುಂದ್ರಿ" ಅಂದವಳು ನನ್ನ ಕಣ್ಣು ಉರಿದ ಕ್ಷಣದಲ್ಲಿ "ಹುಚ್ಚಿ" ಅಂದಳು. ಇಷ್ಟು ಚೆಂದದ ಮಾತು ನನಗೆ ಯಾರೂ ಆಡಿಲ್ಲ.

ಅವಳನ್ನೇ ಕೇಳಿದೆ, "ಅವ್ವಾ, ನಾ ನಿಮಗ ಏನಾಗ್ಬೇಕು?"

ಬುತ್ತಿ ಬಿಚ್ಚುತ್ತಿದ್ದಳು. "ಅದನ್ನೂ ಬರೀಬೇಕೇನ? ಮದ್ಲ ಕೈ ತೊಳಕೊಂಡು ಬಾ. ರೊಟ್ಟಿ ಮುರದ ಇಟ್ಟೇನಿ."

ಬರೆದುಬಿಡುತ್ತೇನೆ, ಒಂದೇ ಪದ. ಸಂಬಂಧ: ನಾನು ಇವರ —

ಮತ್ತೆ ಕೂಗುತ್ತಿದ್ದಾಳೆ. ಹೋದೆ...