ಅಂಬವ್ವನ ರೊಟ್ಟಿ ಸಪ್ಪಳ

ಓಕ್‌ಲ್ಯಾಂಡ್, ಕ್ಯಾಲಿಫೋರ್ನಿಯಾ
೧೧ ಡಿಸೆಂಬರ್ ೧೯೮೮, ರವಿವಾರ

ತಂಗಿ ದ್ಯಾಮವ್ವನಿಗೆ ಅಕ್ಕ ಅಂಬವ್ವನ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆಯಲು ಮೂರು ತಿಂಗಳಿಂದ ಧೈರ್ಯ ಬರಲಿಲ್ಲ. ಅದಕ್ಕೇ ಕಾಗದವೂ ಬರಲಿಲ್ಲ, ಸಿಟ್ಟಾಗಬೇಡ. ಇವತ್ತು ಬರೆಯುತ್ತೇನೆ: ನಾವೆಲ್ಲ ಕ್ಷೇಮ, ನಮ್ಮ ಕೆಳಗಿನ ಮನೆಯವರೂ ಕ್ಷೇಮ. ಆ ಎರಡನೇ ಮಾತು ಬರೆಯಲಿಕ್ಕೇ ಇಷ್ಟು ತಡವಾಯಿತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಹಿಂದಿನದು ಮುಂದೆ ಆದರೆ ಸುಧಾರಿಸಿಕೊಂಡು ಓದು.

ಕೆಳಗಿನ ಮನೆಯಲ್ಲಿ ಒಡೆಟ್ ಎಂಬಾಕೆ, ಅವಳ ಮಗ ವಿಲ್ನರ್ ಇದ್ದಾರೆ. ಹೈಟಿ ಎಂಬ ದೇಶದವರು. ಗಂಡ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದನಂತೆ. ಅವನು ತೀರಿಕೊಂಡ ಮೇಲೆ ಒಡೆಟ್ ಇಲ್ಲಿಗೆ ಬಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಹಿಡಿದಳು. ವಿಲ್ನರ್‌ಗೆ ಈಗ ಇಪ್ಪತ್ನಾಲ್ಕು. ಎಂಟರ ವಯಸ್ಸಿಗೆ ಈ ದೇಶಕ್ಕೆ ಬಂದಾಗ ಇಂಗ್ಲಿಷ್ ಬರದೆ ಶಾಲೆಯಲ್ಲಿ ಎಲ್ಲರೂ ಅಣಕಿಸುತ್ತಿದ್ದರಂತೆ. ಅವರ ಬಾಯಿ ಮುಚ್ಚಿಸಲು ಇವನು ಅವರಿಗಿಂತ ಚುರುಕಾಗಿ ಪ್ರಾಸ ಕಟ್ಟಿ ತಿರುಗಿ ಅನ್ನುವುದನ್ನು ಕಲಿತ. ಅದಕ್ಕೆ ಇಲ್ಲಿ ರ‍್ಯಾಪ್ ಅನ್ನುತ್ತಾರೆ. ರಾಗ ಇರುವುದಿಲ್ಲ, ಬರೀ ತಾಳ ಮತ್ತು ಮಾತು. ನಮ್ಮಲ್ಲಿ ಹರದೇಶಿ ನಾಗೇಶಿಯವರು ದಪ್ಪು ಬಡಿದು ಸವಾಲು ಹಾಕುತ್ತಾರಲ್ಲ, ಹಾಗೆಯೇ. ಈಗ ಅದೇ ಅವನ ವೃತ್ತಿ. ವಾರದ ದಿನ ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ, ರವಿವಾರ ಸ್ಯಾನ್ ಹೋಸೆಯ ಸಂತೆಯಲ್ಲಿ ಕಾರಿನ ಡಿಕ್ಕಿ ತೆರೆದಿಟ್ಟು ತನ್ನ ಕ್ಯಾಸೆಟ್ ಮಾರುತ್ತಾನೆ. ಕಾಲೇಜಿನವರ ರೇಡಿಯೊದಲ್ಲಿ ಎರಡು ಸಲ ಅವನ ಹಾಡು ಬಂತು. ಹಾಡುವಾಗ ಅವನ ಹೆಸರು ಪಿಟಿಮಿ, ಅಜ್ಜಿ ಇಟ್ಟ ಅಡ್ಡಹೆಸರು. ಪಿಟಿಮಿ ಅಂದರೆ ಏನು ಗೊತ್ತೇನು? ಜೋಳ! ಒಡೆಟ್ ಒಂದು ದಿನ ಮುಷ್ಟಿ ಬಿಚ್ಚಿ ತೋರಿಸಿದಾಗ ನನಗೆ ಅಳುವೇ ಬಂತು. ಅವರು ಅದನ್ನು ಅನ್ನದ ಹಾಗೆ ಕುದಿಸಿ ಉಣ್ಣುತ್ತಾರೆ. ಎರಡು ವರ್ಷದಿಂದ ಅವಳು ನನ್ನನ್ನು ಜೋಳ ಸಿಗುವ ಅಂಗಡಿಗೆ ಕರೆದೊಯ್ಯುವುದು, ನಾನು ಅವಳಿಗೆ ಎರಡು ರೊಟ್ಟಿ ಕಳಿಸುವುದು ನಡೆದಿದೆ.

ಮನೆಯವರು ಸೇತುವೆ ದಾಟಿ ರೆಡ್‌ವುಡ್ ಸಿಟಿಯ ಆಫೀಸಿಗೆ ಏಳರೊಳಗೆ ಮುಟ್ಟಬೇಕು. ಹಾಗಾಗಿ ಐದೂವರೆಗೇ ನನ್ನ ರೊಟ್ಟಿ ಶುರು. ನನ್ನ ಕೈ ನಿನಗೆ ಗೊತ್ತು. "ಅಂಬವ್ವ ರೊಟ್ಟಿ ಬಡದ್ರ ಮೂರನೇ ಮನಿ ಎಮ್ಮಿ ಎದ್ದು ನಿಂದರ್ತದ" ಅಂತ ಅವ್ವ ನಗುತ್ತಿದ್ದಳು. ಇಲ್ಲಿ ಗೋಡೆ, ನೆಲ ಎಲ್ಲ ಕಟ್ಟಿಗೆಯವು. ಎಮ್ಮೆ ಇಲ್ಲ, ಜನ ಎದ್ದರು.

ಆಗಸ್ಟ್ ಕೊನೆಗೆ ಹನ್ನೆರಡನೇ ನಂಬರಿನ ಮುದುಕಿ ಒಂದು ಕಾಗದ ಹಿಡಿದು ಮನೆಮನೆಗೆ ಬಂದಳು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲವಲ್ಲ, ಕಸದ ಗಾಡಿಯ ವಿಷಯ ಇರಬೇಕೆಂದು ಸಹಿ ಮಾಡಿ ಕೊಟ್ಟೆ. ಆಮೇಲೆ ಮನೆಯವರಿಂದ ತಿಳಿಯಿತು. ಹೈಟಿಯವರು ದಿನಾ ಬೆಳಗಿನ ಜಾವ ಡೋಲು ಬಡಿದು ಏನೋ ಮಾಟದ ಪೂಜೆ ಮಾಡುತ್ತಾರೆ, ಅವರಿಂದ ಮನೆ ಬಿಡಿಸಿರಿ ಅಂತ ಅದರಲ್ಲಿತ್ತು. ಡೋಲಲ್ಲ ದ್ಯಾಮವ್ವ, ಅದು ನನ್ನ ರೊಟ್ಟಿ. ಮೊದಲೇ ಆ ದೇಶದವರು ಅಂದರೆ ಏಡ್ಸ್ ಎಂಬ ಹೊಸ ಕಾಯಿಲೆಯವರು ಅಂತ ಇಲ್ಲಿ ಜನ ದೂರ ಸರಿಯುತ್ತಾರೆ. ವಿಲ್ನರ್ ರಕ್ತ ಕೊಡಲು ಹೋದರೆ ನಿಮ್ಮದು ಬೇಡ ಅಂದು ಕಳಿಸಿದ್ದರಂತೆ. ಈಗ ಅಪಾರ್ಟ್‌ಮೆಂಟಿನ ಮ್ಯಾನೇಜರು ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಿ ಅಂತ ನೋಟೀಸು ಕೊಟ್ಟ.

ಅದೇ ವಾರ ಒಂದು ಸಣ್ಣ ಕಂಪನಿಯವರು ವಿಲ್ನರ್‌ನ ಮೊದಲ ರೆಕಾರ್ಡು ತರುತ್ತೇವೆ ಅಂದಿದ್ದರು. ಎಂಟು ವರ್ಷ ಕಾದಿದ್ದ ಹುಡುಗ. ಮನೆ ಹೋದರೆ ಮಯಾಮಿಯಲ್ಲಿರುವ ತನ್ನ ಅಣ್ಣನ ಹತ್ತಿರ ಹೋಗುವುದು ಅಂತ ಒಡೆಟ್ ಪೆಟ್ಟಿಗೆ ಕಟ್ಟತೊಡಗಿದಳು. ಅಲ್ಲಿಗೆ ಹೋದರೆ ರೆಕಾರ್ಡಿನ ಆಸೆ ಮುಗಿದ ಹಾಗೆ.

ನಾನು ಏನು ಮಾಡಿದೆ ಕೇಳು. ಬಾಯಿ ಮುಚ್ಚಿಕೊಂಡು ಲಟ್ಟಣಿಗೆ ಹಿಡಿದೆ. ಮೂರು ವಾರ ಲಟ್ಟಿಸಿದ ರೊಟ್ಟಿ. ಮನೆಯವರು ತಾಟು ಸರಿಸಿ, "ಇದೇನ ರೊಟ್ಟಿನೋ ಹಪ್ಪಳಾನೋ? ಕೈಗೇನಾಗೇದ ನಿನಗ?" ಅಂದರು. ಮೊಣಕೈ ನೋವು ಅಂದೆ. ಸಪ್ಪಳ ನಿಂತರೆ ಜನ ಮರೆತಾರು ಅಂದುಕೊಂಡಿದ್ದೆ. ಆಗಿದ್ದು ಉಲ್ಟಾ. "ನೋಡಿದಿರಾ, ನೋಟೀಸು ಹೋದ ಮರುದಿನವೇ ಡೋಲು ಬಂದ್! ಅವರೇ ಅಂತ ಇನ್ನೇನು ಸಾಕ್ಷಿ ಬೇಕು?" ಅಂತ ಹನ್ನೆರಡನೇ ನಂಬರಿನವಳು ಮೆಟ್ಟಿಲ ಮೇಲೆ ನಿಂತು ಸಾರಿದಳು. ನನಗೆ ಅನ್ನ ಇಳಿಯಲಿಲ್ಲ.

ಬಟ್ಟೆ ಒಗೆಯುವ ಕೋಣೆಯಲ್ಲಿ ಒಂದು ಮಧ್ಯಾಹ್ನ ವಿಲ್ನರ್ ಸಿಕ್ಕ. "ಆಂಟಿ, ಕೈಗೆ ಪೆಟ್ಟಾಯಿತಾ? ಬೆಳಗಿನ ಸಪ್ಪಳ ನಿಂತುಬಿಟ್ಟಿದೆ" ಅಂತ ಕೇಳಿದ. ನನ್ನ ಕೈಯಲ್ಲಿದ್ದ ಸಾಬೂನು ಪುಡಿ ಚೆಲ್ಲಿತು. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು! ಜೇಬಿನಿಂದ ಸಣ್ಣ ಟೇಪು ತೆಗೆದು ಕೇಳಿಸಿದ. ನನ್ನದೇ ಕೈ, ಪಟಪಟಾ ಪಟ್, ನಡುವೆ ಬಳೆ, ಹಿಟ್ಟು ಉದುರಿಸಲು ಒಂದು ಗಳಿಗೆ ಬಿಡುವು, ಮತ್ತೆ ಪಟಪಟಾ. ಸ್ಟೂಲು ಹತ್ತಿ, ಟೇಪನ್ನು ತಮ್ಮ ಮನೆಯ ಛತ್ತಿಗೆ ಹಿಡಿದು ತುಂಬಿಕೊಂಡಿದ್ದನಂತೆ. "ನನ್ನ ತಾಳದ ಮಶಿನ್ನಿಗೆ ಈ ಬಿಡುವು ಬರುವುದಿಲ್ಲ ಆಂಟಿ, ನಾನು ಹುಡುಕುತ್ತಿದ್ದ ತಾಳ ಇದು" ಅಂದ.

"ಇದನ್ನ ಮ್ಯಾನೇಜರಿಗೆ ಕೇಳಿಸಿದ್ರ ಬಚಾವ್ ಆಗ್ತಿದ್ದಿ, ಯಾಕ ಕೇಳಿಸಲಿಲ್ಲೋ?" ಅಂತ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಹೆಗಲು ಕುಣಿಸಿದ. "ನೋಟೀಸು ನಿಮಗೆ ಬರುತ್ತಿತ್ತು. ಪೆಟ್ಟಿಗೆ ಕಟ್ಟಿ ನಮಗೆ ರೂಢಿ ಇದೆ, ನಿಮಗೆ ಇಲ್ಲ."

ಮರುದಿನ ಬೆಳಿಗ್ಗೆ ಮನೆಯವರಿಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಅಂದ್ರ ಮೊಣಕೈ ನೋವು ಸುಳ್ಳು?" ಅಂದರು. ಆಮೇಲೆ ರೊಟ್ಟಿ ಬಡಿಯುವ ಕಲ್ಲು ಅವರೇ ಹೊತ್ತು ಕೆಳಗಿಳಿಸಿದರು. ಗದಗಿನಿಂದ ಆ ಕಲ್ಲು ತಂದವರೂ ಅವರೇ, ಅವತ್ತಿನಷ್ಟೇ ಬೈದರು.

ಮ್ಯಾನೇಜರಿನ ಟೇಬಲ್ಲಿನ ಮೇಲೆ ಕಲ್ಲಿಟ್ಟು, "ಆ ಡ್ರಮ್ಮು ನಾನು" ಅಂದೆ. "ನೀವಾ? ಡ್ರಮ್ಮಾ?" ಅಂತ ಅವನು ನಕ್ಕ. ನಾನು ಹಿಟ್ಟು ನಾದಿಕೊಂಡೇ ಹೋಗಿದ್ದೆ. ಉಂಡೆ ಇಟ್ಟು ಬಡಿಯತೊಡಗಿದೆ. ನಾಲ್ಕು ಸಲ ತಿರುಗಿಸುವುದರೊಳಗೆ ಮೇಲೆ ಬಾಗಿಲುಗಳು ತೆರೆದವು. ಹನ್ನೆರಡನೇ ನಂಬರಿನವಳು ಗೌನಿನಲ್ಲೇ, "ನೋಡಿ, ಮತ್ತೆ ಶುರು ಮಾಡಿದರು!" ಅಂತ ಕೂಗುತ್ತ ಇಳಿದು ಬಂದಳು. ಬಂದವಳು ಬಾಗಿಲಲ್ಲಿ ನಿಂತು ನನ್ನ ಕೈ ನೋಡಿದಳು, ಹಿಟ್ಟು ನೋಡಿದಳು. ನಾನು ನಿಲ್ಲಿಸಲಿಲ್ಲ, ಅರ್ಧಕ್ಕೆ ಬಿಟ್ಟರೆ ಅಂಚು ಒಡೆಯುತ್ತದೆ. ಬಡಿದು ಮುಗಿಸಿಯೇ ತಲೆ ಎತ್ತಿದೆ.

ನೋಟೀಸು ವಾಪಸ್ಸಾಯಿತು. ನನಗೂ ಬರಲಿಲ್ಲ ದ್ಯಾಮವ್ವ! ಕಲ್ಲಿನ ಕೆಳಗೆ ದಪ್ಪನೆಯದು ಏನಾದರೂ ಹಾಸಿಕೊಳ್ಳಿ ಅಂತಷ್ಟೇ ಹೇಳಿದ. ಅವ್ವನ ಕೌದಿ ಮಡಿಚಿ ಹಾಸಿದ್ದೇನೆ. ಸಪ್ಪಳ ಮೆತ್ತಗಾಯಿತು, ಮೊದಲೇ ಟೇಪ್ ಮಾಡಿಕೊಂಡದ್ದು ಒಳ್ಳೆಯದಾಯಿತು ಅಂತ ವಿಲ್ನರ್ ಗೊಣಗಿದ. ಒಡೆಟ್ ಪೆಟ್ಟಿಗೆ ಬಿಚ್ಚಿದಳು.

ಮೊನ್ನೆ ಗುರುವಾರ ರೆಕಾರ್ಡು ಬಂತು. ಮೇಲೆ ಪಿಟಿಮಿ ಅಂತ ದೊಡ್ಡ ಅಕ್ಷರ. ಒಳಗೆ ಪೂರ್ತಿ ಒಂದು ಹಾಡಿಗೆ ನನ್ನ ರೊಟ್ಟಿಯೇ ತಾಳ. ಅದರ ಮೇಲೆ ಅವನು ಅಪ್ಪನ ಟ್ಯಾಕ್ಸಿ, ಅವ್ವನ ಒದ್ದೆ ಕೈ, ಬೇಡವೆಂದ ರಕ್ತ ಎಲ್ಲ ಹೇಳುತ್ತಾನೆ. ಮನೆಯವರು ಎರಡು ಸಲ ಹಾಕಿಸಿ ಕೇಳಿದರು. "ಎರಡನೇ ರೊಟ್ಟಿಗೆ ಸ್ವಲ್ಪ ಗಡಿಬಿಡಿ ಮಾಡೀದಿ" ಅಂದರು. ಇನ್ನು ಆ ರೆಕಾರ್ಡು ಎಷ್ಟು ಜನ ಕೊಳ್ಳುತ್ತಾರೋ, ಅವನಿಗೆ ದೃಷ್ಟಿಯಾದೀತೋ ಅಂತ ಹೊಸ ಚಿಂತೆ ಹತ್ತಿದೆ. ಆದರೂ ನಿನ್ನೆ ಹೊಟ್ಟೆ ತುಂಬ ಉಂಡೆ.

ಇಂತಿ ನಿನ್ನ ಅಕ್ಕ,
ಅಂಬವ್ವ

ತಾ.ಕ.: ಇದನ್ನು ನಿನ್ನ ಸೊಸೆಯ ಕೈಲಿ ಓದಿಸಬೇಡ, ನೀನೇ ಕೂಡಿಸಿಕೊಂಡು ಓದು. ಇಂಗ್ಲಿಷ್ ಬರದೆ ಸಹಿ ಮಾಡಿದೆ ಅಂತ ಮೇಲೆ ಬರೆದದ್ದು ಸುಳ್ಳು. ಆ ಕಾಗದವನ್ನು ನಾನು ಒಂದೊಂದೇ ಅಕ್ಷರ ಕೂಡಿಸಿ ಪೂರಾ ಓದಿದ್ದೆ. ಡೋಲು ಅಂದರೆ ನನ್ನ ರೊಟ್ಟಿ ಅಂತಲೂ ತಿಳಿದಿತ್ತು. ಬೇಡ ಅಂದರೆ ಸಂಶಯ ನಮ್ಮ ಮೇಲೆ ತಿರುಗಿ ನಮ್ಮ ಮನೆ ಹೋದೀತೆಂದು ಹೆದರಿ ಸಹಿ ಮಾಡಿದೆ. ನನಗೆ ಇಂಗ್ಲಿಷ್ ಓದಲು ಕಲಿಸಿದವಳು ಒಡೆಟ್, ಅಂಗಡಿಯಲ್ಲಿ ಡಬ್ಬಿಗಳ ಮೇಲಿನ ಹೆಸರು ತೋರಿಸಿ ತೋರಿಸಿ. ನಿನ್ನೆ ಅವಳ ಮುಂದೆಯೂ ಇದನ್ನು ಹೇಳಿಬಿಟ್ಟೆ. ಅವಳು ಒಲೆಯ ಮೇಲಿನ ಜೋಳ ತಿರುವುತ್ತಲೇ ಇದ್ದಳು. ಕೊನೆಗೆ, "ಪೂರಾ ಕಾಗದ ಓದಿದೆಯಾ? ಹಾಗಾದರೆ ನಾನು ಕಲಿಸಿದ್ದು ಚೆನ್ನಾಗಿಯೇ ಇತ್ತು" ಅಂದಳು.