ವಾಪಸಾತಿಯ ಕಾಲಂ

ಸೆಂದಾಯಿ,
೧೮ ಏಪ್ರಿಲ್ ೧೯೪೫

ಮಗು ಮಿನೆಯೊ,

ಹೇಗಿದ್ದೀಯಾ? ಕಿವಿನೋವು ಕಡಿಮೆಯಾಯಿತೇ? ವಿಮಾನ ಮೇಲಕ್ಕೇರಿದಾಗ ಚುಚ್ಚುತ್ತದೆ ಎಂದು ಚಳಿಗಾಲದಲ್ಲಿ ಬರೆದಿದ್ದೆ. ನಿಮ್ಮ ನೆಲೆಯಲ್ಲಿ ಊಟವನ್ನಾದರೂ ಹೊಟ್ಟೆ ತುಂಬ ಹಾಕುತ್ತಾರಂತೆ, ನಿಜವೇ? ಇಲ್ಲಿ ನಾವು ಒಣಗಿದ ಗೆಣಸಿನ ಬಳ್ಳಿಯನ್ನೂ ಬಿಡುತ್ತಿಲ್ಲ. ನಿನ್ನ ಅಮ್ಮ ಅದನ್ನು ಮಿಸೋ ಸಾರಿಗೆ ಹಾಕಿ ಸೊಪ್ಪು ಎಂದು ಬಡಿಸುತ್ತಾಳೆ, ನಾನೂ ಸೊಪ್ಪೆಂದೇ ತಿನ್ನುತ್ತೇನೆ. ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟೂ ಕಲಿಯದಿದ್ದರೆ ಹೇಗೆ! ಹೂವು ಬಿಟ್ಟಿವೆಯೇ ಎಂದು ಮಾತ್ರ ಕೇಳಬೇಡ. ಪತ್ರಿಕೆಯವರು ನಿಮ್ಮನ್ನೆಲ್ಲ ಉದುರುವ ಚೆರಿ ಹೂವಿಗೆ ಹೋಲಿಸಲು ಶುರು ಮಾಡಿದಾಗಿನಿಂದ ನಾನು ಆ ಮರಗಳಿರುವ ಬೀದಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಹೋದ ತಿಂಗಳು ನೀನು ಕಳಿಸಿದ ಪೊಟ್ಟಣ ಬಂತು. ನಿನ್ನ ಕೂದಲು, ಕತ್ತರಿಸಿದ ಉಗುರು. ಅಮ್ಮ ಅದನ್ನು ದೇವರ ಗೂಡಿನಲ್ಲಿ, ಸತ್ತ ಅಜ್ಜನ ಹೆಸರಿನ ಹಲಗೆಯ ಪಕ್ಕ ಇಟ್ಟಳು. ಬದುಕಿರುವವನ ಉಗುರಿಗೆ ಅಲ್ಲೇನು ಕೆಲಸ ಎಂದು ರೇಗಿ, ತೆಗೆದು ನನ್ನ ಮೇಜಿನ ಡ್ರಾಯರಿನಲ್ಲಿಟ್ಟೆ. ಅವಳು ಮತ್ತೆ ಅಲ್ಲೇ ಇಟ್ಟಳು, ನಾನು ಮತ್ತೆ ತೆಗೆದೆ. ಈಗ ಬೀಗ ಹಾಕಿದ್ದೇನೆ.

ಗಣಿತಕ್ಕೆ ಸೇರು, ಗಣಿತದ ಹುಡುಗರನ್ನು ಸೈನ್ಯ ಮುಟ್ಟುತ್ತಿಲ್ಲ ಎಂದು ಎಷ್ಟು ಬೇಡಿಕೊಂಡೆ! ನಿನ್ನ ಕಾಲು ಹಿಡಿಯುವುದೊಂದು ಬಾಕಿಯಿತ್ತು. "ಅಪ್ಪಾ, ನಿನ್ನ ಸಂಖ್ಯೆಗಳಿಂದ ಒಂದು ಮೊಟ್ಟೆನಾದ್ರೂ ಬೇಯುತ್ತಾ?" ಎಂದು ನಕ್ಕು ಸಾಹಿತ್ಯಕ್ಕೆ ಹೋದೆ. ಅವಿಭಾಜ್ಯ ಸಂಖ್ಯೆಗಳ ಬೆನ್ನು ಹತ್ತಿದ ಇಪ್ಪತ್ತಾರು ವರ್ಷವೂ ನನ್ನ ಹೆಮ್ಮೆ ಅದೇ ಆಗಿತ್ತು. ನನ್ನ ಗಣಿತದಿಂದ ಮೊಟ್ಟೆಯೂ ಬೇಯುವುದಿಲ್ಲ, ಮನುಷ್ಯನೂ ಸಾಯುವುದಿಲ್ಲ. ಆ ಹೆಮ್ಮೆ ಮಣ್ಣುಪಾಲಾಯಿತು. ಹೋದ ವರ್ಷದಿಂದ ನಮ್ಮ ವಿಭಾಗದಲ್ಲಿ ಸಂಶೋಧನೆ ಎಂದರೆ ವಿಮಾನಗಳ ಪೆಟ್ರೋಲಿನ ಪಟ್ಟಿ. ಇಷ್ಟು ದೂರ, ಇಂಥ ಗಾಳಿ, ಹೋಗಲು ಇಷ್ಟು, ಬರಲು ಇಷ್ಟು. ಲೆಕ್ಕದ ಯಂತ್ರದ ಹಿಡಿ ತಿರುಗಿಸಿ ತಿರುಗಿಸಿ ಮಣಿಕಟ್ಟು ಊದಿಕೊಂಡಿದೆ. ಪ್ರತಿ ಲೆಕ್ಕವನ್ನೂ ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು, ಪರಸ್ಪರ ಮಾತಾಡದೆ ಮಾಡಬೇಕು. ಎರಡೂ ಉತ್ತರ ತಾಳೆಯಾದರೆ 'ಸರಿ' ಎಂಬ ಮುದ್ರೆ. ನನ್ನ ಜೋಡಿ ತೋಮಿಯೆ, ಹೆಣ್ಣುಮಕ್ಕಳ ಶಾಲೆಯ ಗಣಿತದ ಟೀಚರು. ಗಂಡ ಹಡಗಿನ ಜೊತೆಗೇ ಮುಳುಗಿದ. ಅವಳ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲ. ನನ್ನ ತಪ್ಪನ್ನು ನಾಲ್ಕು ಸಲ ಹಿಡಿದುಹಾಕಿದ್ದಾಳೆ, ಮಹಾರಾಯ್ತಿ.

ಎರಡು ವಾರದ ಹಿಂದೆ, ನಮಗೆ ಈ ಲೆಕ್ಕಗಳನ್ನು ಒಪ್ಪಿಸುವ ಸೈನ್ಯದ ಕ್ಯಾಪ್ಟನ್ ನಿಮ್ಮ ನೆಲೆಯ ಹೆಸರಿದ್ದ ಹೊಸ ಹಾಳೆಗಳನ್ನು ತಂದ. ಅದರಲ್ಲಿ 'ಬರಲು' ಎಂಬ ಕಾಲಂ ಇರಲಿಲ್ಲ. ಅಚ್ಚಿನವರು ಮರೆತಿದ್ದಾರೆ ಎಂದೆ. "ಮರ್ತಿಲ್ಲ ಪ್ರೊಫೆಸರ್ರೇ, ಇನ್ಮೇಲೆ ಅದು ಬೇಡ. ನಿಮ್ಗೂ ಅರ್ಧ ಕೆಲ್ಸ ಉಳೀತಲ್ಲ!" ಎಂದ. ಅವನೇನೂ ಕೆಟ್ಟವನಲ್ಲ, ನನ್ನ ಮಣಿಕಟ್ಟು ನೋಡಿ ನಿಜಕ್ಕೂ ಸಂತೋಷಪಟ್ಟ. ನಿನ್ನ ಪೊಟ್ಟಣ ಯಾಕೆ ಬಂತೆಂದು ನನಗೆ ಆಗ ಅರ್ಥವಾಯಿತು: ಹೆಣ ಮನೆಗೆ ಬರುವುದಿಲ್ಲ, ಸುಡಲು ಕೂದಲು, ಉಗುರಾದರೂ ಇರಲಿ ಎಂದು.

ಆ ದಿನ ಬೇಕೆಂದೇ ತಪ್ಪು ಉತ್ತರ ಬರೆದೆ. ತೋಮಿಯೆಯ ಹಾಳೆಯ ಜೊತೆ ತಾಳೆಯಾಗದೆ ಸಿಕ್ಕಿಬೀಳುತ್ತೇನೆ, ಮಿಲಿಟರಿ ಪೊಲೀಸರು ಬರುತ್ತಾರೆ ಎಂದು ಕೋಟು ಹಾಕಿಕೊಂಡೇ ಕಾದೆ. ಹಾಳೆ ಬಂತು: 'ಸರಿ'. ನಲವತ್ತು ಸಾಲಿಗೆ ನಲವತ್ತೂ. ಮನೆಗೆ ಹೊರಟಾಗ ತೋಮಿಯೆ ಮೆಟ್ಟಿಲ ಮೇಲೆ ಕೂತು ಬೇಯಿಸಿದ ಗೆಣಸು ಸುಲಿಯುತ್ತಿದ್ದಳು. ತಲೆ ಎತ್ತದೆಯೇ "ಹಳೇ ಅಭ್ಯಾಸ ಮೇಷ್ಟ್ರೇ, ಕೈ ಮಾತು ಕೇಳಲ್ಲ" ಎಂದಳು. ನನಗೆ ಅಳು ಬಂದುಬಿಟ್ಟಿತು. ಅರ್ಧ ಗೆಣಸು ನನ್ನ ಕೈಗಿಟ್ಟಳು. ಆಮೇಲೆ ನಾವು ಆ ವಿಷಯ ಎತ್ತಿಲ್ಲ.

ಉಳಿದ ಹಾಳೆಗಳನ್ನು ಒಯ್ಯಲು ನಿಮ್ಮ ನೆಲೆಯ ಮೆಕ್ಯಾನಿಕ್ ಒಬ್ಬ ಬಂದಿದ್ದಾನೆ. ಅಂಚೆಗೆ ಹಾಕಿದರೆ ಒಡೆದು ಓದುತ್ತಾರೆ, ಅದಕ್ಕೇ ಈ ಕಾಗದ ಅವನ ಅಂಗಿಯೊಳಗೆ ಬರುತ್ತಿದೆ. ಅಮ್ಮ ಒಂದು ಜೊತೆ ಉಣ್ಣೆಯ ಕಾಲುಚೀಲ ಕಳಿಸಿದ್ದಾಳೆ. ಹೊಸದೆಂದು ಹಿಗ್ಗಬೇಡ, ಅವು ನನ್ನವೇ. ಕಿವಿಗೆ ಹತ್ತಿ ಇಟ್ಟುಕೋ. ನಿನಗೆ ನನ್ನಷ್ಟು ವಯಸ್ಸಾಗಲಿ, ನನ್ನಷ್ಟೇ ಸಿಡುಕ ಮುದುಕನೂ ನೀನಾಗು.

ನಿನ್ನ ಅಪ್ಪ,
ಕುರೋಇವಾ ಸದಕಿಚಿ

ತಾ.ಕ.: ಮೆಕ್ಯಾನಿಕ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ನನ್ನ ತಪ್ಪು ಇಷ್ಟೇ. 'ಹೋಗಲು' ಎಂಬ ಕಾಲಂನಲ್ಲಿ ಹೋಗುವುದು, ಬರುವುದು ಎರಡನ್ನೂ ಕೂಡಿಸಿ ಬರೆದೆ. ತೋಮಿಯೆಯೂ ಅದನ್ನೇ ಮಾಡಿದ್ದಳು. ಮೊದಲ ಹಾಳೆಗಳು ಹತ್ತು ದಿನದ ಹಿಂದೆಯೇ ನಿಮ್ಮಲ್ಲಿಗೆ ಹೋಗಿವೆ, ಪೆಟ್ರೋಲನ್ನು ಅದರಂತೆಯೇ ತುಂಬುತ್ತಿರುತ್ತಾರೆ. ಗುರಿ ತಲುಪಿದಾಗಲೂ ಪೆಟ್ರೋಲಿನ ಮುಳ್ಳು ಅರ್ಧ ತೋರಿಸುತ್ತಿದ್ದರೆ, ಅದು ಕೆಟ್ಟಿದೆ ಎಂದುಕೊಳ್ಳಬೇಡ. ತಿರುಗಿ ಬಾ. ನಾಚಿಕೆಯಾದರೆ ಅದನ್ನು ನನ್ನ ತಲೆಗೆ ಕಟ್ಟು. ಈ ಕಾಗದ ಬರುವಷ್ಟರಲ್ಲಿ ನನ್ನ ಮಿನೆಯೊ ಹೊರಟುಹೋಗಿದ್ದರೆ, ಅವನ ಹಾಸಿಗೆಯಲ್ಲಿ ಕೂತು ಇದನ್ನು ಒಡೆದು ಓದುತ್ತಿರುವ ಮಗು, ನಿನ್ನ ಹೆಸರು ನನಗೆ ಗೊತ್ತಿಲ್ಲ. ಟ್ಯಾಂಕಿನಲ್ಲಿ ವಾಪಸ್ ಬರುವಷ್ಟು ಪೆಟ್ರೋಲಿದೆ. ಅವನಿಗೆ ಯಾರೂ ಹೇಳಿರಲಿಲ್ಲ. ನೀನಾದರೂ ತಿರುಗು.