ಅವ್ವನ ಕಿವಿಗೆ ಪರೀಕ್ಷೆ

ಮಾನ್ಯ ಸಭಾಭವನದ ಆಡಳಿತಾಧಿಕಾರಿಗಳೇ,

ಮೊದಲೇ ಹೇಳಿಬಿಡುತ್ತೇನೆ, ನನಗೆ ಭಯವಾಗಿದೆ. ಈ ಪತ್ರ ಬರೆಯಲು ಭಯ, ಬರೆಯದೆ ಸುಮ್ಮನಿರಲು ಅದಕ್ಕಿಂತ ಭಯ. ಬರುವ ಭಾನುವಾರದ ಗಾಯನವನ್ನು ಒಳಗೆ ಕುಳಿತು ಕೇಳಬೇಕೆನ್ನುವವರು ನಿಮ್ಮ ಮುಂದೆ 'ರಸಿಕತೆ'ಯ ಪರೀಕ್ಷೆ ಕೊಡಬೇಕು, ನಪಾಸಾದವರು ಅಂಗಳದಲ್ಲಿ ಧ್ವನಿವರ್ಧಕದ ಕೆಳಗೆ ಕೂಡಬೇಕು ಎಂದು ಬಾಗಿಲಿಗೆ ಆದೇಶ ಅಂಟಿಸಿದ್ದೀರಿ. ಏನು ಔದಾರ್ಯ! ಅಂಗಳದಲ್ಲಿ ಗಾಳಿಯಾದರೂ ಚೆನ್ನಾಗಿರುತ್ತದೆ.

ಈ ಆದೇಶಕ್ಕೆ ಕಾರಣ ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮವ್ವ ಮುದಕವ್ವ. ಹೋದ ತಿಂಗಳ ಗಾಯನಕ್ಕೆ ಆಕೆಯನ್ನು ಉಪ್ಪಿನಬೆಟಗೇರಿಯಿಂದ ಕರೆತಂದಿದ್ದೆ. ಇಂಥ ಸಭೆಯ ಜಮಖಾನೆಯ ಮೇಲೆ ಆಕೆ ಕುಳಿತದ್ದು ಅದೇ ಮೊದಲು. ಗವಾಯಿಗಳು ಒಂದೊಂದೇ ಸ್ವರ ಏರಿ ಮೇಲಿನ ಷಡ್ಜಕ್ಕೆ ಹೋಗಿ ನಿಂತರು. ಸಭೆಗೆ ಸಭೆಯೇ ಉಸಿರು ಬಿಗಿಹಿಡಿದಿತ್ತು. ಆಗ ಅವ್ವ ಅಂದೇಬಿಟ್ಟಳು: "ಅಯ್ಯ ಯಪ್ಪಾ, ಸಾಕ್ ಮಾಡೋ, ಎಷ್ಟಂತ ಅಳಸ್ತಿ!"

ಮುಂದಿನ ಸಾಲಿನಿಂದ ನೀವು ಹೊರಳಿ ನೋಡಿದಿರಿ. ಗವಾಯಿಗಳು ನಕ್ಕು ಅವ್ವನ ಕಡೆಗೆ ಕೈಮುಗಿದದ್ದನ್ನು ನೀವು ಕಾಣಲಿಲ್ಲ, ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದಿರಲ್ಲ! ನಿಮ್ಮ ಕಾರ್ಯದರ್ಶಿ ವೆಂಕಣ್ಣನವರು ಬಗ್ಗಿ, "ಏನಜ್ಜಿ ಇದು? ಛಲೋ ಅನಿಸಿದ್ರ 'ವಾಹ್' ಅನಬೇಕು, ಹಿಂಗ ಒದರಬಾರದು" ಎಂದರು. ಮುಗಿಯುವವರೆಗೂ ಅವ್ವ ಬಾಯಿಗೆ ಸೆರಗು ತುರುಕಿಕೊಂಡು ಕುಳಿತಳು.

ಮೊನ್ನೆ ನಿಮ್ಮ ಪರೀಕ್ಷೆಗೆ ಎಲ್ಲರಿಗಿಂತ ಮೊದಲು ನಾನೇ ಬಂದೆ. ಮುಂಬಯಿಯಿಂದ ತರಿಸಿದ ನವ್ಯ ಚಿತ್ರಗಳನ್ನು ಪಡಸಾಲೆಯಲ್ಲಿ ತೂಗುಹಾಕಿಸಿದ್ದೀರಿ. ಸಂಗೀತ ಕೇಳಲು ಬಂದವನಿಗೆ ಚಿತ್ರದ ಪರೀಕ್ಷೆ ಏಕೆಂದು ಕೇಳುವ ಎದೆಗಾರಿಕೆ ನನಗಿರಲಿಲ್ಲ. ಒಂದರ ಮುಂದೆ ನಿಲ್ಲಿಸಿ, "ಇದರ ಅರ್ಥ ಹೇಳ್ರಿ ಮಾಸ್ತರ" ಎಂದಿರಿ. ಆಳೆತ್ತರದ ಕಪ್ಪು, ನಡುವೆ ಕೂದಲೆಳೆಯಷ್ಟು ಬೆಳಕು. ತೆರೆಯುತ್ತಿರುವ ಬಾಗಿಲೋ ಮುಚ್ಚುತ್ತಿರುವ ಬಾಗಿಲೋ ತಿಳಿಯದು.

"ಅಂಜಿಕಿ ಬರ್ತೈತ್ರಿ ಸಾಹೇಬ್ರ" ಅಂದೆ.

"ಅರ್ಥ ಕೇಳಿದ್ರ ಅಂಜಿಕಿ ಅಂತಾರಲ್ಲೋ ವೆಂಕಣ್ಣಾ!" ಎಂದು ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ಅಂಗಳ" ಎಂದರು ವೆಂಕಣ್ಣನವರು.

ಸ್ವಾಮಿ, ಒಂದು ಮಾತು ಕೇಳಲೇ? ಆ ದಿನ ಗವಾಯಿಗಳು ತಾಸುಗಟ್ಟಲೆ ಹಾಡಿದ್ದು ಉತ್ತರದ ವ್ರಜಭಾಷೆಯ ಎರಡೇ ಎರಡು ಸಾಲು. ಅದು ಅತ್ತೆಯ ಮೇಲಿನ ದೂರೋ, ಮೋಡದ ವರ್ಣನೆಯೋ, ಸಭೆಯಲ್ಲಿ ಎಷ್ಟು ಜನರಿಗೆ ತಿಳಿದಿತ್ತು? ಧಾರವಾಡದಲ್ಲಿ ಯಾರು ಅದನ್ನು ವಿಚಾರಿಸಿ ತಲೆದೂಗುತ್ತಾರೆ? ನಿಮ್ಮ ಕಣ್ಣಲ್ಲೂ ನೀರಿತ್ತು, ನಾನು ಕಂಡಿದ್ದೇನೆ. ನಿಮ್ಮನ್ನು ಯಾರಾದರೂ ಕರಿಹಲಗೆಯ ಮುಂದೆ ನಿಲ್ಲಿಸಿ ಅರ್ಥ ಕೇಳಿದರೇ? ನಿಮ್ಮ ಕಣ್ಣೀರು ರಸಿಕತೆ, ಅವ್ವನದು ಗದ್ದಲ, ಅಲ್ಲವೇ? ಆ ಚಿತ್ರವಂತೂ ಇನ್ನೂ ನನ್ನನ್ನು ಬಿಟ್ಟಿಲ್ಲ. ಸಾಲೆಯಲ್ಲಿ ಮಗ್ಗಿ ಹೇಳಿಸುವಾಗಲೂ ಕಣ್ಣೆದುರು ಬಂದು ನಿಲ್ಲುತ್ತದೆ. ಅಂಜಿಕೆಯಾಗುತ್ತದೆ, ಮತ್ತೊಮ್ಮೆ ನೋಡಬೇಕೆಂದೂ ಆಗುತ್ತದೆ. ಇದು ತಪ್ಪುತ್ತರವಾದರೆ ಸರಿಯುತ್ತರ ಯಾವುದೆಂದು ದಯವಿಟ್ಟು ತಿಳಿಸಿ.

ಅವ್ವ ಹರೆಯದಲ್ಲಿ ಊರ ಸಾಹುಕಾರರ ವಾಡೆಯ ಕೊಟ್ಟಿಗೆಯಲ್ಲಿ ದನದ ಹೆಂಡಿ ಬಳಿಯುತ್ತಿದ್ದಳು. ಗೋಕುಲಾಷ್ಟಮಿಗೆ ಅಲ್ಲಿ ಗವಾಯಿಗಳು ಬರುತ್ತಿದ್ದರು. ನಮ್ಮ ಕೇರಿಯವರು ಹೊಸ್ತಿಲು ತುಳಿಯುವಂತಿರಲಿಲ್ಲ. ಆಕೆ ಕೊಟ್ಟಿಗೆಯ ಗೋಡೆಗೆ ಕಿವಿಹಚ್ಚಿ ನಿಂತು ಕೇಳಿದ ಸಂಗೀತ ಅದು. ಈಗ ಕಾಯಿದೆ ಬಂದಿದೆ, ಯಾರೂ ನಮ್ಮನ್ನು ಬಾಗಿಲಲ್ಲಿ ತಡೆಯುವಂತಿಲ್ಲ. ನೀವೂ ತಡೆಯುತ್ತಿಲ್ಲ, ಪಾಪ, ಅರ್ಥವನ್ನಷ್ಟೇ ಕೇಳುತ್ತೀರಿ. ನಮ್ಮ ಕೇರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಆದೇಶ ಬರೆದಿರಿ ಎಂದು ನಾನು ಹೇಳಲಾರೆ. ಆದರೆ ಅಂಗಳಕ್ಕೆ ಹೊರಟವರು ಯಾರು ಯಾರು ಎಂದು ಒಮ್ಮೆ ಕಣ್ಣಾಡಿಸಿ ನೋಡಿ.

ನಮ್ಮ ಸಾಲೆಯ ಆಡಳಿತ ಮಂಡಳಿಯಲ್ಲಿ ನಿಮಗೊಂದು ಕುರ್ಚಿ ಇದೆ ಎಂಬುದನ್ನು ನಾನು ಮರೆತಿಲ್ಲ. "ನೀರಾಗ ಇದ್ದು ಮೊಸಳಿ ಕೂಡ ಯಾಕ ವೈರ ಕಟ್ಟಕೋತೀರಿ? ನೌಕರಿಗೆ ಕುತ್ತು ಬಂದೀತು" ಎಂದು ಹೆಂಡತಿ ಶೇವಂತೆವ್ವ ನಿನ್ನೆಯಿಂದ ಅಳುತ್ತಿದ್ದಾಳೆ. ಅವಳ ಮಾತು ಸುಳ್ಳಲ್ಲ.

ಆದರೂ ಬರೆದೆ. ಏಕೆಂದರೆ ಆದೇಶವನ್ನು ಅವ್ವನಿಗೆ ಓದಿ ಹೇಳಿದೆ. ಸಿಟ್ಟಿಗೇಳುತ್ತಾಳೆ ಎಂದುಕೊಂಡಿದ್ದೆ. ಆಕೆ ಎಲೆಗೆ ಸುಣ್ಣ ಹಚ್ಚುತ್ತ ಅಂದಳು: "ಇಷ್ಟ ಹೌದಿಲ್ಲೋ? ಹೊರಗ ನಿಂತು ಕೇಳೂದು ನನಗ ರೂಢಿ ಐತಿ ಬಿಡೋ ತಮ್ಮಾ. ಅಲ್ಲೆರ ಬಾಯಿಬಿಟ್ಟು ಅಳಬಹುದು."

ನನ್ನ ಇಷ್ಟು ದಿನದ ಅಂಜಿಕೆಯೆಲ್ಲ ಒಂದು ತೂಕವಾದರೆ, ಆ ಮಾತು ಹುಟ್ಟಿಸಿದ ಅಂಜಿಕೆಯೇ ಒಂದು ತೂಕ. ಅಂಗಳದಲ್ಲಿ ಹಾಸಿಕೊಳ್ಳಲು ಆಕೆ ಕಂಬಳಿ ಮಡಿಚಿಟ್ಟುಕೊಂಡಿದ್ದಾಳೆ.

ಆದ್ದರಿಂದ ಆ ಆದೇಶವನ್ನು ಹರಿದುಹಾಕಿ. ಭಾನುವಾರ ಅವ್ವನನ್ನು ಕರೆದುಕೊಂಡು ಬರುತ್ತೇನೆ. ಅಂಜಿಕೊಂಡಾದರೂ ಬರುತ್ತೇನೆ. ಆಕೆಗೆ ಒಳಗೆ ಜಾಗ ಕೊಡಿ, ಅತ್ತರೆ ಅಳಲು ಬಿಡಿ. ಆಗದು ಎನ್ನುವಿರಾದರೆ ವೆಂಕಣ್ಣನವರನ್ನು ಮುಂದೆ ಮಾಡಬೇಡಿ. ನೀವೇ ಎದ್ದುಬನ್ನಿ, ಅವ್ವನ ಮುಖ ನೋಡಿ ಅಂಗಳ ತೋರಿಸಿ, ನಿಮ್ಮ ಕೈಯಾರೆ ಬಾಗಿಲು ಮುಚ್ಚಿ. ಆಗ ಆ ಕಪ್ಪು ಚಿತ್ರದ ಅರ್ಥ ನಾನು ಹೇಳುತ್ತೇನೆ.

ಇಂತಿ,
ರಸಿಕತೆಯಲ್ಲಿ ನಪಾಸಾದ
ಮೈಲಾರಪ್ಪ ಮಾಸ್ತರ
ಧಾರವಾಡ, ೧೯೬೨